ಮೇಣದ ತಟ್ಟೆಯ ಮೇಲಿನ ಹನ್ನೊಂದು ಸೆಕೆಂಡು

ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಕೆಲಸ ಕೆಡಲು ಶುರುವಾಯಿತು. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಗಂಟೆ ನಿಮಿಷ ಬರೆದಿಡುವುದೇ ಆ ದಿನ ನನಗೆ ಒಪ್ಪಿಸಿದ್ದ ಕೆಲಸ. ಸಾವಿರದ ಒಂಬೈನೂರ ಮೂವತ್ತರ ದಶಕದ ನಡುವಿನ ಒಂದು ಡಿಸೆಂಬರ್ ತಿಂಗಳು. ಬಿ.ಎ. ಮುಗಿಸಿ ಸಂಗೀತದ ಡಿಪ್ಲೊಮಾಗೆ ಸೇರಿದ್ದೆ. ಶಾಸ್ತ್ರ, ಚರಿತ್ರೆ, ಪ್ರಾಯೋಗಿಕ ಸಂಗೀತ ಇವುಗಳ ಜೊತೆಗೆ ಆ ವರ್ಷ ಹೊಸದಾಗಿ ರೆಕಾರ್ಡಿಂಗ್ ಎಂಬ ವಿಷಯವೂ ಬಂದಿತ್ತು. ನಮ್ಮಪ್ಪ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು. ಆದ್ದರಿಂದ ಯಂತ್ರ, ಕೀಲಿಮಣೆ, ಗಡಿಯಾರ ಇವೆಲ್ಲ ಅವರ ಮಗ ಚೌರಪ್ಪನಿಗೆ ಚೆನ್ನಾಗಿ ತಿಳಿಯುತ್ತದೆ ಎಂದು ಕಾಲೇಜಿನಲ್ಲಿ ಯಾರೋ ತೀರ್ಮಾನಿಸಿ, ನನ್ನ ಕೈಗೆ ಸ್ಟಾಪ್‌ವಾಚ್ ಮತ್ತು ಲಾಗ್ ಪುಸ್ತಕ ಕೊಟ್ಟಿದ್ದರು.

ಕಾಲೇಜು ಚಾಮರಾಜಪುರಂನ ಬಾಡಿಗೆ ಬಂಗಲೆಯೊಂದರಲ್ಲಿತ್ತು. ತರಗತಿಯಲ್ಲಿ ಕೇಳಿಸಲು ಆರು ರಾಗಗಳ ಆಲಾಪನೆಯನ್ನು ತಟ್ಟೆಗಳಲ್ಲಿ ಮುದ್ರಿಸಬೇಕೆಂಬುದು ಯೋಜನೆ. ಆಗಿನ ಪದ್ಧತಿಯನ್ನು ಸ್ವಲ್ಪ ವಿವರಿಸಬೇಕು. ಹಾಡು ಮೊದಲು ಮೂಡುತ್ತಿದ್ದುದು ಒಂದೂವರೆ ಅಂಗುಲ ದಪ್ಪದ ಮೇಣದ ತಟ್ಟೆಯ ಮೇಲೆ. ಮೇಣ ಬೆಚ್ಚಗೆ ಮೆತ್ತಗಿದ್ದರೆ ಮಾತ್ರ ಸೂಜಿ ಸಲೀಸಾಗಿ ಗೆರೆ ಕೊರೆಯುತ್ತದೆ. ತಣ್ಣಗಿದ್ದರೆ ಚಕ್ಕೆ ಏಳುತ್ತದೆ. ಒಂದು ತಟ್ಟೆಗೆ ಮೂರೂ ಕಾಲು ನಿಮಿಷ, ಅಷ್ಟೇ. ಇನ್ನೊಂದು ಮಾತು: ಮೇಣದ ತಟ್ಟೆಯನ್ನು ಒಮ್ಮೆ ಹಾಕಿ ಕೇಳಿದರೆ ಅದು ಹಾಳಾಯಿತೆಂದೇ ಅರ್ಥ. ಸೂಜಿ ಗೆರೆಗಳನ್ನು ಉಜ್ಜಿಬಿಡುತ್ತದೆ.

ಒಂಬತ್ತು ಇಪ್ಪತ್ತಕ್ಕೆ ಕೆಟ್ಟದ್ದು ಈ ತಟ್ಟೆಗಳನ್ನು ಬೆಚ್ಚಗಿಡುವ ವಿದ್ಯುತ್ ಪೆಟ್ಟಿಗೆ. ಯಂತ್ರದೊಂದಿಗೆ ಬೆಂಗಳೂರಿನ ದಂಡು ಪ್ರದೇಶದಿಂದ ಬಂದಿದ್ದ ಎಂಜಿನಿಯರ್ ರಾಜಗೋಪಾಲ್ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ, ಒಳಗಿನ ತಂತಿ ಸುಟ್ಟಿದೆ, ಇವತ್ತಿಗೆ ಆಗುವುದಿಲ್ಲ ಎಂದರು. ಅಲ್ಲಿಗೆ ನಿಲ್ಲಿಸಿ ಎಲ್ಲರೂ ಮನೆಗೆ ಹೋಗಬಹುದಿತ್ತು. ಆದರೆ ನಮ್ಮ ಶಾಸ್ತ್ರದ ಉಪನ್ಯಾಸಕರು ಶ್ರೀಕಂಠರಾಯರು ಯಾವುದನ್ನೂ ನಿಲ್ಲಿಸುವ ಜಾತಿಯವರಲ್ಲ.

"ಮೇಣ ಕಾಯಿಸೋಕೆ ಕರೆಂಟೇ ಬೇಕು ಅಂತ ಯಾರ್ರೀ ಹೇಳಿದ್ದು?" ಎಂದು ಎದುರಿನ ಇಸ್ತ್ರಿ ಅಂಗಡಿಯಿಂದ ಒಂದು ಅಗ್ಗಿಷ್ಟಿಕೆ ತುಂಬ ಇದ್ದಲ ಕೆಂಡ ತರಿಸಿದರು. ಅದರ ಮೇಲೆ ತಗಡಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ತಟ್ಟೆಗಳು. ಬೂದಿಯ ಒಂದು ಕಣ ಬಿದ್ದರೂ ಯಂತ್ರ ಕೆಡುತ್ತದೆಂದು ರಾಜಗೋಪಾಲ್ ಅದನ್ನು ತಮ್ಮ ಕೋಣೆಗೆ ಸೇರಿಸಲಿಲ್ಲ. ಹಾಡುವ ಕೋಣೆಯ ಮೂಲೆಯಲ್ಲಿಟ್ಟರು.

ಆ ಕೋಣೆಯನ್ನು ನಾವು ಹೇಗೆ ಸಿದ್ಧ ಮಾಡಿದ್ದೆವು ಎಂಬುದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಹತ್ತಿರದ ಸ್ಟೇಷನ್ನಿನ ರೈಲಿನ ಸಿಳ್ಳು, ಜಟಕಾ ಗಾಡಿಗಳ ಸದ್ದು, ಕಾಗೆ ಯಾವುದೂ ಒಳಗೆ ಬರಬಾರದೆಂದು ಕಿಟಕಿಗಳನ್ನು ಮುಚ್ಚಿ, ಮೇಲೆ ಎರಡೆರಡು ಕಂಬಳಿ ಹೊಡೆದು, ಬಾಗಿಲ ಸಂದಿಗೆ ಗೋಣಿಚೀಲ ತುರುಕಿದ್ದೆವು. ಯಂತ್ರದ ಕೋಣೆಗೂ ನಮಗೂ ನಡುವೆ ಮರದ ಬಾಗಿಲಿನ ಒಂದು ಸಣ್ಣ ಗೂಡು. ಅದರ ಮೂಲಕ ತಟ್ಟೆ ಆಚೆ ಕೊಡುವವನು ನಾನು. ಮುದ್ರಣ ನಡೆಯುತ್ತಿದೆಯೆಂದು ಕೆಂಪು ದೀಪ ಉರಿಯುತ್ತಿರುವಾಗ ಯಾರೂ ಸದ್ದು ಮಾಡಬಾರದು, ಬಾಗಿಲನ್ನಂತೂ ತೆಗೆಯಲೇಬಾರದು. ಇದು ನಿಯಮ.

ಅಂದು ತೋಡಿ ರಾಗ ಹಾಡುತ್ತಿದ್ದವರು ವಿದ್ವಾನ್ ಪುಟ್ಟನರಸಯ್ಯನವರು. ಅವರ ಹಿಂದೆ, ಅಗ್ಗಿಷ್ಟಿಕೆಯಿಂದ ಮೂರು ಅಡಿ ದೂರದಲ್ಲಿ, ತಂಬೂರಿ ಹಿಡಿದು ಕುಳಿತಿದ್ದವನು ನನ್ನ ಸಹಪಾಠಿ ಬೋರೇಗೌಡ. ನಂಜನಗೂಡಿನ ಕಡೆಯ ಬೇಸಾಯದ ಮನೆಯವನು. ಅವನಿಗೆ ಪ್ರಾಯೋಗಿಕ ತರಗತಿಯಲ್ಲಿ ಜಾಗ ಸಿಕ್ಕಿದ್ದೇ ಕಷ್ಟದಿಂದ. ವಿದ್ವಾಂಸರು ಒಂದು ವರ್ಷ ಅವನನ್ನು ಬಾಗಿಲ ಬಳಿ ಕೂರಿಸಿಕೊಂಡು ಪಾಠ ಹೇಳಿದ್ದರು. ಅವರ ಹಿಂದೆ ತಂಬೂರಿ ಹಿಡಿಯುವ ಭಾಗ್ಯ ಅವನಿಗೆ ಬಂದದ್ದು ಅದೇ ಮೊದಲು. ಗುರು ಹಾಡು ನಿಲ್ಲಿಸುವವರೆಗೆ ಶಿಷ್ಯ ತಂಬೂರಿ ಕೆಳಗಿಡುವುದಿಲ್ಲ. ಈ ಪದ್ಧತಿಯನ್ನು ಯಾರೂ ಯಾರಿಗೂ ಕಲಿಸಬೇಕಾಗಿರಲಿಲ್ಲ.

ಮೊದಲ ತಟ್ಟೆ ರೈಲಿನ ಸಿಳ್ಳಿಗೆ ಹೋಯಿತು. ಎರಡನೆಯದು ಇಬ್ಬರು ದೊಡ್ಡವರ ಜಗಳಕ್ಕೆ.

"ವಿದ್ವಾಂಸರೇ, ಗಾಂಧಾರ ಸ್ವರ ಒಂದು ಕ್ಷಣ ನಿಂತರೆ ವಿದ್ಯಾರ್ಥಿಗಳಿಗೆ ಅದರ ಸ್ಥಾನ ತಿಳಿಯುತ್ತೆ," ಎಂದರು ರಾಯರು.

"ತೋಡಿ ಗಾಂಧಾರ ಹಿಡಿದು ನಿಲ್ಲಿಸೋಕೆ ಅದೇನು ಜಟಕಾ ಕುದುರೆ ಏನ್ರೀ?" ಎಂದರು ವಿದ್ವಾಂಸರು. "ಮೂರು ನಿಮಿಷ ಅಂತೀರಿ. ಮೂರು ನಿಮಿಷದಲ್ಲಿ ನನ್ನ ತೋಡಿ ಎದ್ದು ಮುಖಾನೂ ತೊಳೆದಿರೋಲ್ಲ."

ಹೀಗೆ ಹತ್ತೂಮುಕ್ಕಾಲು ಆಯಿತು. ಐದನೆಯ ತಟ್ಟೆ ಆದಮೇಲೆ ರಾಜಗೋಪಾಲ್ ಗೂಡಿನ ಬಾಗಿಲು ತೆರೆದು ಮುಖ ತೂರಿಸಿದರು. "ಹಾಳಾದ ತಟ್ಟೆ ಒಂದನ್ನ ಹಾಕಿ ಕೇಳಿದೆ, ತಂಬೂರಿ ನಿಧಾನ ಆಗ್ತಾ ಇದೆ ಕಣ್ರೀ. ನಮ್ಮ ಮೋಟರ್ ಸರಿಯಿದೆಯೋ ಇಲ್ಲವೋ ನೋಡ್ತೀನಿ." ಯಂತ್ರ ಬಿಚ್ಚಿ ನೋಡಲು ಇಪ್ಪತ್ತು ನಿಮಿಷ. ಅಷ್ಟು ಹೊತ್ತೂ ನಾವು ಆ ಮುಚ್ಚಿದ ಕೋಣೆಯಲ್ಲೇ ಕುಳಿತಿದ್ದೆವು. ತೆಗೆದರೆ ಮತ್ತೆ ಗೋಣಿಚೀಲ ತುರುಕುವವರು ಯಾರು? ರಾಯರು ಹಣೆ ಒತ್ತಿಕೊಳ್ಳುತ್ತಿದ್ದರು. ನನಗೂ ತಲೆ ಸಿಡಿಯುತ್ತಿತ್ತು. ವಿದ್ವಾಂಸರು ಹೊಟ್ಟೆಗೆ ಏನೂ ತೆಗೆದುಕೊಂಡಿಲ್ಲ, ಅದಕ್ಕೇ ಸುಸ್ತು ಎಂದರು. ಬೋರೇಗೌಡ ತಂಬೂರಿಯ ಶ್ರುತಿ ನೋಡುತ್ತ ಕುಳಿತಿದ್ದ.

ಮೋಟರ್ ಸರಿಯಾಗಿತ್ತು. ಆಗ ನಾನು ಜಾಣತನ ತೋರಿಸಿದೆ. ಸ್ಟಾಪ್‌ವಾಚ್ ಹಿಡಿದು, ತಂಬೂರಿಯ ನಾಲ್ಕು ತಂತಿಗಳ ಒಂದು ಸುತ್ತು ಅಳೆದೆ. ಬೆಳಿಗ್ಗೆ ನಾಲ್ಕು ಸೆಕೆಂಡು ಇದ್ದದ್ದು ಈಗ ಆರೂವರೆ. ಅಳತೆ ಸರಿಯಾಗಿತ್ತು, ಇಂದಿಗೂ ಸರಿಯೇ. ಅದರ ಮುಂದೆ ಲಾಗ್ ಪುಸ್ತಕದಲ್ಲಿ ನನ್ನ ಸ್ವಂತ ಕೈಯಿಂದ ಹೀಗೆ ಬರೆದೆ: "ಬೋರೇಗೌಡನ ಅಜಾಗರೂಕತೆ."

"ಲೋ ಗೌಡ, ತೂಕಡಿಸ್ತಿದ್ದೀಯೇನೋ?" ಎಂದು ವಿದ್ವಾಂಸರು ತಿರುಗಿ ಗದರಿದರು. "ರಾತ್ರಿಯೆಲ್ಲ ಗದ್ದೆಗೆ ನೀರು ಕಟ್ಟಿ ಬಂದವನ ಥರ ಕೂತಿದ್ದೀಯಲ್ಲೋ!"

"ಇಲ್ಲ ಸ್ವಾಮಿ," ಎಂದ ಅವನು. ಆ ಎರಡು ಮಾತು ಹೇಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಅದನ್ನು ಮಾತ್ರ ನಾನು ಅಳೆಯಲಿಲ್ಲ.

ಹನ್ನೊಂದೂ ಇಪ್ಪತ್ತೈದಕ್ಕೆ ಆರನೆಯ ತಟ್ಟೆ. ಕೆಂಪು ದೀಪ ಹತ್ತಿತು. ಹಾಡು ಅರ್ಧ ದಾಟಿದಾಗ ನಾನು ಮುಂದಿನ ತಟ್ಟೆಯನ್ನು ತೆಗೆದಿಟ್ಟುಕೊಳ್ಳಲು ಅಗ್ಗಿಷ್ಟಿಕೆಯ ಬಳಿ ಬಗ್ಗಿದೆ. ತಟ್ಟೆ ಕೈಜಾರಿ ನೆಲಕ್ಕೆ ಬಿದ್ದು ಎರಡು ಹೋಳಾಯಿತು. ವಿದ್ವಾಂಸರು ಯಾರಾದರೂ ಕೆಮ್ಮಿದರೆ ಕೆಂಡವಾಗುವವರು. ಅವರು ತಿರುಗಿಯೂ ನೋಡಲಿಲ್ಲ. ನನಗೆ ಭಯವಾದದ್ದು ಅದಕ್ಕೆ. ಕುರ್ಚಿಯಲ್ಲಿ ರಾಯರ ಗಲ್ಲ ಎದೆಗೆ ತಾಗಿತ್ತು. ಬೋರೇಗೌಡನ ಕೆನ್ನೆ ತಂಬೂರಿಯ ದಂಡಿಗೆ ಒರಗಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಬೆರಳುಗಳು ಮಾತ್ರ ತಂತಿಯ ಮೇಲೆ ಇನ್ನೂ ತಡಕಾಡುತ್ತಿದ್ದವು. ತುಟಿ ಕೆಂಪಗೆ, ಆರೋಗ್ಯವಂತನ ತುಟಿಯ ಹಾಗೆ.

ಇಂಟರ್‌ಮೀಡಿಯೆಟ್‌ನಲ್ಲಿ ನಾನು ರಸಾಯನಶಾಸ್ತ್ರ ಓದಿದ್ದೆ. ಗಾಳಿಯಿಲ್ಲದ ಕಡೆ ಇದ್ದಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಮನುಷ್ಯನನ್ನು ನಿದ್ದೆಯಲ್ಲೇ ಕೊಲ್ಲುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ತಕ್ಷಣ ಹೋಗಿ ಬಾಗಿಲು ತೆಗೆದೆ. ಆ ದಿನ ಎಲ್ಲರಿಗೂ ಹಾಗೆಯೇ ಹೇಳಿದೆ, ಹಾಗೆಯೇ ನಂಬಿದ್ದೆ.

ನನ್ನ ಕೂಗಿಗೆ ರಾಜಗೋಪಾಲ್ ಓಡಿ ಬಂದರು. ಇಬ್ಬರೂ ಬೋರೇಗೌಡನನ್ನು ಜಗುಲಿಗೆ ಎಳೆದು ತಂದೆವು. ತಂಬೂರಿಯನ್ನು ಅವನ ತೋಳಿನಿಂದ ಬಿಡಿಸಬೇಕಾಯಿತು. ವಿದ್ವಾಂಸರು ಗೋಡೆ ಹಿಡಿದು ಬಂದು ಮೆಟ್ಟಿಲ ಮೇಲೆ ವಾಂತಿ ಮಾಡಿಕೊಂಡರು. ಎಲ್ಲರಿಗಿಂತ ಕೊನೆಗೆ ರಾಯರು ತೂರಾಡುತ್ತ ಬಂದು, ಬಾಗಿಲ ಚೌಕಟ್ಟು ಹಿಡಿದು ನನ್ನನ್ನು ಕೇಳಿದರು: "ದೀಪ ಉರೀತಿರುವಾಗ ಬಾಗಿಲು ಯಾಕಯ್ಯ ತೆಗೆದೆ?"

ಜಟಕಾದಲ್ಲಿ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಬೋರೇಗೌಡನ ತಲೆ ನನ್ನ ತೊಡೆಯ ಮೇಲಿತ್ತು. ಉಸಿರು ಎಣಿಸುತ್ತ ಹೋದೆ, ಎರಡು ಸಲ ಎಣಿಕೆ ತಪ್ಪಿತು. ಡಾಕ್ಟರು ಅವನ ಮೂಗಿಗೆ ಆಮ್ಲಜನಕದ ಕೊಳವೆ ಹಿಡಿಸಿ, ನಡೆದದ್ದನ್ನೆಲ್ಲ ಕೇಳಿದರು.

"ಕೆಂಡ ಇಟ್ಕೊಂಡು ಕಿಟಕಿ ಮುಚ್ಚಿದಿರಾ? ಓದಿದೋರು ಎಷ್ಟು ಜನ ಇದ್ರಿ ಅಲ್ಲಿ?"

"ಎಲ್ಲರೂ ಓದಿದೋರೇ."

"ಒಬ್ಬರಾದ್ರೂ ಓದದೇ ಇರೋರು ಇದ್ದಿದ್ರೆ ಚೆನ್ನಾಗಿತ್ತು," ಎಂದು ಅವರು ಕೈ ತೊಳೆಯಲು ಹೋದರು.

ಬೋರೇಗೌಡ ಕಣ್ಣು ಬಿಟ್ಟದ್ದು ಮರುದಿನ ಮಧ್ಯಾಹ್ನ. ಎರಡು ವಾರದ ಮೇಲೆ ತರಗತಿಗೆ ಬಂದಾಗ ಅವನ ಕೈ ನಡುಗುತ್ತಿತ್ತು. ಗೊತ್ತಿದ್ದ ರಾಗಗಳ ಹೆಸರು ಬಾಯಿಗೆ ಬರದೆ ಸುಮ್ಮನೆ ನಿಂತುಬಿಡುತ್ತಿದ್ದ. ಅಷ್ಟರಲ್ಲಿ ಪ್ರಿನ್ಸಿಪಾಲರ ವಿಚಾರಣೆ ಶುರುವಾಗಿತ್ತು. ನನಗೆ ಬಂದ ಕಾಗದದಲ್ಲಿ ನಾಲ್ಕು ಪ್ರಶ್ನೆಗಳಿದ್ದವು. ಪೆಟ್ಟಿಗೆ ಕೆಟ್ಟದ್ದು ಹೇಗೆ, ತಟ್ಟೆ ಒಡೆದದ್ದು ಹೇಗೆ, ಬಾಗಿಲು ತೆಗೆಯಲು ಅನುಮತಿ ಕೊಟ್ಟವರು ಯಾರು, ಕೆಲಸ ಮುಗಿಯದಿರಲು ಕಾರಣವೇನು. ಮನುಷ್ಯನೊಬ್ಬ ಸಾಯುತ್ತಿದ್ದ ಎಂಬುದು ಯಾವ ಪ್ರಶ್ನೆಯಲ್ಲೂ ಇರಲಿಲ್ಲ.

ಸಭೆಯಲ್ಲಿ ರಾಯರು ನನ್ನ ಲಾಗ್ ಪುಸ್ತಕ ಬಿಚ್ಚಿ ಪ್ರಿನ್ಸಿಪಾಲರ ಮುಂದಿಟ್ಟರು. "ಹುಡುಗ ಮೊದಲಿನಿಂದಲೂ ತೂಕಡಿಸುತ್ತಿದ್ದ. ನೋಡಿ, ಚೌರಪ್ಪನೇ ಬರೆದಿದ್ದಾನೆ." ಪ್ರಿನ್ಸಿಪಾಲರು ಓದಿ, ಹಾಗಿದ್ದರೆ ಇವನನ್ನು ಪ್ರಾಯೋಗಿಕ ತರಗತಿಯಿಂದ ತೆಗೆದು ಬರೀ ಶಾಸ್ತ್ರಕ್ಕೆ ಹಾಕಬಹುದಲ್ಲ ಎಂದರು. ಬೋರೇಗೌಡ ಗೋಡೆಯ ಪಕ್ಕ ನಿಂತಿದ್ದ. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದ. ಅವನು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಬಹುಶಃ ಸುಮ್ಮನಿರುತ್ತಿದ್ದೆ.

"ಆರನೇ ತಟ್ಟೆ ಇದೆಯಲ್ಲ ಸಾರ್, ಅದನ್ನ ಹಾಕಿಸಿ," ಎಂದೆ. "ಬಾಗಿಲು ತೆಗೆಯೋವರೆಗೂ ಯಂತ್ರ ಓಡ್ತಾ ಇತ್ತು."

ಹಾಳಾಗುತ್ತದೆ ಎಂದರು ರಾಯರು. ಹಾಳಾಗಲಿ ಎಂದರು ವಿದ್ವಾಂಸರು. ರಾಜಗೋಪಾಲ್ ಸೂಜಿ ಇಳಿಸಿದರು.

ತೋಡಿ ಕೇಳಿಸಿತು. ವಿದ್ವಾಂಸರ ದನಿ ಮೆಲ್ಲಗೆ ಕುಸಿಯುತ್ತ, ಶ್ರುತಿ ಬಿಟ್ಟು ಕೆಳಗಿಳಿಯುತ್ತಿತ್ತು. ಹಿಂದೆ ತಂಬೂರಿ ತೀರ ನಿಧಾನವಾಗಿ, ಆದರೆ ಒಂದು ತಂತಿಯನ್ನೂ ಬಿಡದೆ, ಸುತ್ತು ಹಾಕುತ್ತಿತ್ತು. ಆಮೇಲೆ ತಟ್ಟೆ ಬಿದ್ದ ಸದ್ದು. ಆಮೇಲೆ ಹಾಡಿಲ್ಲ. ಒಂದೊಂದೇ ತಂತಿಯ ಮಿಡಿತ. ಅದೂ ಇಲ್ಲ. ಏನೂ ಇಲ್ಲ. ಎಷ್ಟೋ ಹೊತ್ತಿನ ನಂತರ ಚಿಲಕದ ಸದ್ದು, ನನ್ನ ಕೂಗು.

ತಟ್ಟೆ ಬಿದ್ದದ್ದಕ್ಕೂ ಚಿಲಕಕ್ಕೂ ನಡುವೆ ಹನ್ನೊಂದು ಸೆಕೆಂಡು. ಅಭ್ಯಾಸಬಲದಿಂದ ನಾನೇ ಅಳೆದಿದ್ದೆ. ತಕ್ಷಣ ಹೋದೆ ಎಂದು ಹೇಳಿಕೊಂಡಿದ್ದವನು ಹನ್ನೊಂದು ಸೆಕೆಂಡು ನಿಂತು ಏನು ಮಾಡುತ್ತಿದ್ದೆ ಎಂಬುದು ಆಗ ನೆನಪಾಯಿತು. ಕೆಂಪು ದೀಪ ಆರಲಿ ಎಂದು ಕಾಯುತ್ತಿದ್ದೆ.

ಮೊದಲು ಮಾತಾಡಿದವರು ವಿದ್ವಾಂಸರು. "ಅಪಸ್ವರ ನಂದು. ನನ್ನ ಹಾಡು ನಿಲ್ಲೋವರೆಗೂ ಅವನ ಬೆರಳು ನಿಂತಿಲ್ಲ." ಆಮೇಲೆ ಅವನ ಕಡೆ ತಿರುಗಿ, ದನಿ ಏರಿಸಿ, "ತಲೆ ನೋಯ್ತಿದೆ ಅಂತ ಒಂದು ಮಾತು ಬಾಯಿಬಿಟ್ಟು ಹೇಳೋಕೇನಾಗಿತ್ತೋ ನಿಂಗೆ?"

"ತಾವು ಹಾಡ್ತಾ ಇದ್ರಲ್ಲ ಸ್ವಾಮಿ," ಎಂದ ಬೋರೇಗೌಡ. "ಎಂಗೆ ಎದ್ದೇಳಾದು?"

ಲಾಗ್ ಪುಸ್ತಕದ ಆ ಸಾಲನ್ನು ಎಲ್ಲರೆದುರು ನಾನು ಹೊಡೆದುಹಾಕಿ ಸಹಿ ಹಾಕಿದೆ. ಅವನ ಜಾಗ ಉಳಿಯಿತು. ಹೊರಗೆ ಬಂದಾಗ ಅವನಿಗೆ ಕ್ಷಮೆ ಕೇಳಿದೆ. "ಹೋಗ್ಲಿ ಬುಡು ಚೌರಪ್ಪ, ಅಳತೆ ಸರಿಯಾಗೇ ಬರ್ದಿದ್ದೆ," ಎಂದ. ತಮಾಷೆಗೆ ಹೇಳಿದನೋ ನಿಜಕ್ಕೋ, ನಾನು ಕೇಳಲಿಲ್ಲ.

ಮುಂದೆ ಇಪ್ಪತ್ತೆಂಟು ವರ್ಷ ನಾನು ಸಂಗೀತಶಾಸ್ತ್ರ ಹೇಳಿಕೊಟ್ಟೆ, ನೂರಾರು ತಟ್ಟೆಗಳ ಮುದ್ರಣ ನೋಡಿಕೊಂಡೆ. ಶ್ರುತಿ ಜಾರಿದರೆ, ಲಯ ಇಳಿದರೆ, ಮೊದಲು ಕುಳಿತವನ ಮುಖ ನೋಡಬೇಕು, ಗಡಿಯಾರ ಆಮೇಲೆ. ಇದನ್ನು ವಿದ್ಯಾರ್ಥಿಗಳಿಗೆ ಹೇಳಿದಾಗ ಅವರು ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ತಲೆ ಎತ್ತಿ ನೋಡಿದವರು ಕಡಿಮೆ.

ಆ ವಿಚಾರಣೆಯ ನಂತರ ನನಗೆ ನಿದ್ದೆ ಬರುತ್ತಿರಲಿಲ್ಲ. ಬಂದರೂ ಎಚ್ಚರವಾಗಿ ಒಂದು, ಎರಡು ಎಂದು ಹನ್ನೊಂದರವರೆಗೆ ಎಣಿಸುತ್ತಿದ್ದೆ. ಅಮ್ಮ ಜಪಮಾಲೆ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದರು. ಹೀಗೆ ಮಾರ್ಚ್ ಬಂತು.

ಮಾರ್ಚ್ ತಿಂಗಳ ಒಂದು ಮಂಗಳವಾರ ತರಗತಿಯಲ್ಲಿ ವಿದ್ವಾಂಸರು ಕಲ್ಯಾಣಿ ಹಾಡುತ್ತಿದ್ದರು. ಬೋರೇಗೌಡ ಹಿಂದೆ ತಂಬೂರಿ ಹಿಡಿದಿದ್ದ. ಕೈನಡುಕ ನಿಂತಿತ್ತು. ರಾಗ ಮೇಲಕ್ಕೇರಿ ತಾರಷಡ್ಜ ಮುಟ್ಟುವ ಹೊತ್ತಿಗೆ ತಂಬೂರಿ ನಿಂತಿತು. ಬೋರೇಗೌಡ ಅದನ್ನು ಜಮಖಾನೆಯ ಮೇಲೆ ಮಲಗಿಸುತ್ತಿದ್ದ.

"ತಲೆ ನೋಯ್ತದೆ ಸ್ವಾಮಿ. ವಸಿ ಆಚೆಗೋಗಿ ಬತ್ತೀನಿ."

ನಾವು ಇಪ್ಪತ್ತು ಜನ ವಿದ್ವಾಂಸರ ಮುಖ ನೋಡಿದೆವು.

"ನಿನ್ನ ತಲೆಗೆ ನನ್ನ ಕಲ್ಯಾಣೀನೇ ಆಗಬೇಕಿತ್ತೇನಯ್ಯ," ಎಂದು ವಿದ್ವಾಂಸರು ಗೊಣಗಿದರು. "ಹೋಗು, ಹೋಗು. ನೀರು ಕುಡಿದು ಬಾ." ತಂಬೂರಿಯನ್ನು ತಾವೇ ಎತ್ತಿ ಹೆಗಲಿಗೆ ಒರಗಿಸಿಕೊಂಡು, ಮೀಟುತ್ತ, ಬಿಟ್ಟಲ್ಲಿಂದ ಹಾಡಿದರು.

ಅವನು ನಲ್ಲಿಯ ಬಳಿ ಮುಖ ತೊಳೆದುಕೊಳ್ಳುತ್ತಿದ್ದುದು ನನಗೆ ಕಾಣುತ್ತಿತ್ತು. ಮರದ ನೆರಳಲ್ಲಿ ಸ್ವಲ್ಪ ನಿಂತು, ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡು, ಆತುರವಿಲ್ಲದೆ ನಡೆದು ಬಂದ. ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ. ಅಳೆಯಲಿಲ್ಲ. ಆ ರಾತ್ರಿ ಊಟ ಮಾಡಿ ಮಲಗಿದವನನ್ನು ಅಮ್ಮ ಎಬ್ಬಿಸಿದಾಗ ಬೆಳಿಗ್ಗೆ ಏಳೂವರೆಯಾಗಿತ್ತು, ಬಿಸಿಲು ಹಾಸಿಗೆಯ ಮೇಲೆ ಬಂದಿತ್ತು.