ಅಣ್ಣ ಸುಮ್ಮನಾದ ವರ್ಷ

ಎಪ್ಪತ್ತರ ದಶಕದಲ್ಲಿ, ನಾನು ಮಂಡ್ಯದ ಕಾಲೇಜಿನಲ್ಲಿ ಓದುತ್ತಿದ್ದಾಗ, ಮಳವಳ್ಳಿಯ ನಮ್ಮ ಮನೆಯಲ್ಲಿ ಅಣ್ಣ ಸುಮ್ಮನಾದ. ಅದಕ್ಕೆ ಮುಂಚೆ ಬಹಳ ಕಾಲ ಅವನಿಗೆ ಯಾರದೋ ದನಿಗಳು ಕೇಳುತ್ತಿದ್ದವು. ಗೋಡೆಗೆ ಬೈಯುತ್ತಿದ್ದ, ಅನ್ನದಲ್ಲಿ ವಿಷವಿದೆಯೆಂದು ತಟ್ಟೆ ಎಸೆಯುತ್ತಿದ್ದ. ಬೆಂಗಳೂರಿನ ಡಾಕ್ಟರು ಸ್ಕಿಜೋಫ್ರೇನಿಯಾ ಎಂದು ಹೇಳಿ, ತಿಂಗಳಿಗೊಂದು ಇಂಜೆಕ್ಷನ್ ಶುರು ಮಾಡಿದ ಮೇಲೆ ದನಿಗಳು ನಿಂತವು. ಅವ್ವ ಹರಕೆಯಂತೆ ಊರದೇವತೆಗೆ ಕುರಿ ಕಡಿಸಿ ಪರ ಮಾಡಿ, ನೆಂಟರಿಗೆಲ್ಲ ಬಾಡೂಟ ಹಾಕಿಸಿದಳು.

ಪಂಕ್ತಿಯಲ್ಲಿ ಅಣ್ಣ ಎಲೆ ಮುಟ್ಟಲಿಲ್ಲ.

"ಏನ್ಲಾ, ಬಾಡು ಮುಂದೆ ಮಡೀಕಂಡು ಐನೋರಂಗೆ ಕುಂತಿದ್ದೀಯ?" ಸೋದರಮಾವ ಕಿಚಾಯಿಸಿದ. ಎಲ್ಲರೂ ನಕ್ಕರು.

"ಬುಡಣ್ಣ, ಗಲಾಟೆ ಇಲ್ವಲ್ಲ, ಅಷ್ಟೇ ಸಾಕು. ಚಿನ್ನದಂಗವ್ನೆ" ಎಂದಳು ಅವ್ವ.

ಅವನು ನಸುಕಿಗೇ ಎದ್ದು ಜಗಲಿಯಲ್ಲಿ ಕೂತು ನೆಲ ನೋಡುತ್ತಿದ್ದ. ಗದ್ದೆಯ ಕಡೆ ತಲೆ ಹಾಕುತ್ತಿರಲಿಲ್ಲ. ನಮಗೆ ಅದೆಲ್ಲ ವಾಸಿಯಾದ ಲಕ್ಷಣವಾಗಿಯೇ ಕಂಡಿತು.

ಮುಂದಿನ ಇಂಜೆಕ್ಷನ್ನಿಗೆಂದು ಹೊರಟು ಅವ್ವ, ಅಣ್ಣ, ನಾನು ಮೂವರೂ ಮದ್ದೂರು ಸ್ಟೇಷನ್ನಿನಲ್ಲಿ ಕಾಯುತ್ತಿದ್ದೆವು. ರೈಲು ಕಾಣಿಸಿತು. ಅಣ್ಣ ಚಪ್ಪಲಿ ಬಿಟ್ಟು, ಯಾವ ಅವಸರವೂ ಇಲ್ಲದೆ, ಪ್ಲಾಟ್‌ಫಾರಮ್ಮಿನ ಅಂಚಿನ ಕಡೆ ನಡೆದ. ಆ ಚಪ್ಪಲಿ ಕಂಡು ನಾನು ಓಡಿದೆ. ಅವನ ಅಂಗಿ ಮುಷ್ಟಿಗೆ ಸಿಕ್ಕಿ ಪರ್ರನೆ ಹರಿಯಿತು. ಇಬ್ಬರೂ ಹಿಂದಕ್ಕೆ ಬಿದ್ದೆವು. ಈಗಲೂ ಕನಸಿನಲ್ಲಿ ಕೆಲವು ಸಲ ಅಂಗಿ ಮಾತ್ರ ನನ್ನ ಕೈಯಲ್ಲಿ ಉಳಿಯುತ್ತದೆ.

"ಯಾಕ್ಲಾ ಅವನ ಅಂಗಿ ಅರ್ದಾಕ್ದೆ? ಈಗ್ತಾನೆ ನೆಟ್ಟಗಾಗವ್ನೆ!" ಅವ್ವ ನನ್ನ ಬೆನ್ನಿಗೆ ಗುದ್ದಿದಳು.

ಬೆಂಗಳೂರಿನ ಆಸ್ಪತ್ರೆಯಲ್ಲಿ ನಾನು ನಡೆದದ್ದನ್ನು ಹೇಳಿದೆ. ಡಾಕ್ಟರು ಅಣ್ಣನನ್ನೇ ನೇರವಾಗಿ ಕೇಳಿದರು: "ಬದುಕಿರಬಾರದು ಅನ್ನಿಸುತ್ತಾ?"

"ಬುಡ್ತು ಅನ್ನಿ ಸ್ವಾಮಿ! ಇಲ್ದೇ ಇರೋದ್ನ ಯಾಕೆ ಅವನ ತಲೆಗೆ ತುಂಬ್ತೀರಿ?" ಅವ್ವ ಎದ್ದೇಬಿಟ್ಟಳು.

ಅಣ್ಣ ತಲೆಯೆತ್ತಿದ. "ಊಂ. ದಿನಾ ಅನ್ಸ್ತದೆ." ಅವ್ವನ ಕಡೆ ತಿರುಗಿ, "ಅವು ಮಾತಾಡ್ತಿದ್ದಾಗ ಬಯ್ಯಕ್ಕಾದ್ರೂ ಯಾರೋ ಇದ್ರು" ಎಂದ.

"ಕೇಳಿದ್ದರಿಂದ ಬರುವ ಯೋಚನೆಯಲ್ಲಮ್ಮ ಇದು. ಕೇಳಿದರೆ ಬಾಯಿಬಿಡುತ್ತಾರೆ" ಎಂದರು ಡಾಕ್ಟರು. ಹಳೆಯ ಕಾಯಿಲೆಯ ಜೊತೆಗೇ ಖಿನ್ನತೆಯೂ ಹಿಡಿದಿದೆ, ಅದಕ್ಕೂ ಔಷಧಿಯಿದೆ ಎಂದರು. ಇಂಜೆಕ್ಷನ್ನೂ ಮಂಕು ಕವಿಸಿರಬಹುದೆಂದು ಅದರ ಪ್ರಮಾಣ ಇಳಿಸಿ, ಬೇರೆ ಮಾತ್ರೆ ಕೊಟ್ಟು, ಅಂದೇ ಅವನನ್ನು ವಾರ್ಡಿಗೆ ಸೇರಿಸಿಕೊಂಡರು.

ಕೆಲವು ವಾರಗಳ ಮೇಲೆ ಮನೆಗೆ ಬಂದ. ನಿಧಾನವಾಗಿ ಊಟ ಸೇರತೊಡಗಿತು. ಅವ್ವ ದಿನಾ ಬೆಳಿಗ್ಗೆ ಕಾಫಿ ಲೋಟ ಕೊಟ್ಟು ಪಕ್ಕದಲ್ಲಿ ಕೂರುತ್ತಿದ್ದಳು.

"ಇವತ್ತೂ ಅಂಗನ್ಸ್ತದೇನ್ಲಾ ಮಗ?"

ಹೆಚ್ಚಿನ ದಿನಗಳಲ್ಲಿ, "ಇಲ್ಲ ಕಣವ್ವ" ಎನ್ನುತ್ತಿದ್ದ. ಕೆಲವು ದಿನ ಏನೂ ಹೇಳುತ್ತಿರಲಿಲ್ಲ. ಆ ದಿನಗಳಲ್ಲಿ ಅವ್ವ ಗದ್ದೆಗೆ ಹೋಗುತ್ತಿರಲಿಲ್ಲ, ನಾನು ಮಂಡ್ಯದ ಬಸ್ಸು ಹತ್ತುತ್ತಿರಲಿಲ್ಲ.