ಶಂಕಿತ ಬೇರೆ, ಕಳ್ಳ ಬೇರೆ

ಟೈಲರಕ್ಕನಿಗೂ ಎದುರುಮನೆಯ ನರ್ಸಮ್ಮನಿಗೂ ಪತ್ತೇದಾರಿ ಕಾದಂಬರಿಗಳ ಹುಚ್ಚು. ಸುಳಿವು, ಶಂಕಿತ, ಆರೋಪಿ ಎಂದು ಹೊತ್ತು ಹೋದದ್ದೇ ತಿಳಿಯದಂತೆ ಚರ್ಚಿಸುವರು. ಒಮ್ಮೆ ಒಡವೆ ಅಂಗಡಿಯಲ್ಲಿ ಸರ ಕಾಣೆಯಾಯಿತು. ಅಲ್ಲಿ ಕೆಲಸಕ್ಕಿದ್ದ ಟೈಲರಕ್ಕನ ತಮ್ಮನನ್ನು ಪೊಲೀಸರು ವಿಚಾರಣೆಗೆ ಕರೆದೊಯ್ದರು. ಬೀದಿ ನಲ್ಲಿಯ ಬಳಿ ನರ್ಸಮ್ಮ, "ಕಳ್ಳ ಸಿಕ್ಕಿಬಿದ್ನಂತೆ" ಎಂದದ್ದು ಅಕ್ಕನ ಕಿವಿಗೆ ಬಿದ್ದು ಅವಳು ಕೆಂಡಾಮಂಡಲವಾದಳು.

"ಕಥೇಲಾದ್ರೆ ಕೊನೇ ಪುಟದವರೆಗೂ ಶಂಕಿತ ಅಂತೀಯ. ನನ್ನ ತಮ್ಮ ಅಂದ ತಕ್ಷಣ ಕಳ್ಳ ಆಗ್ಬಿಟ್ನಾ? ನಾಲಿಗೆಗೆ ಎಲುಬಿಲ್ಲ ಅಂತ ಏನ್ ಬೇಕಾದ್ರೂ ಅನ್ಬೋದಾ?"

ಮರುದಿನ ಸರ ಮಾಲೀಕನ ಕಾರಿನಲ್ಲೇ ಸಿಕ್ಕಿತು. ಮನೆಗೆ ಬಂದ ತಮ್ಮ ಬೀದಿಗಿಳಿಯಲು ನಾಚಿ ಕದ ಹಾಕಿಕೊಂಡು ಕೂತ.

"ತಪ್ಪಾಯ್ತು ಕಣೇ, ಬಾಯಿತಪ್ಪಿ ಅಂದೆ," ಎಂದು ನರ್ಸಮ್ಮ ಬಂದಳು.

"ಅಂದಿದ್ದು ಎಲ್ರ ಮುಂದೆ, ತಪ್ಪಾಯ್ತು ಅನ್ನೋದು ನನ್ನ ಕಿವೀಲಾ?" ಎಂದ ಟೈಲರಕ್ಕ ಅವಳ ರಟ್ಟೆ ಹಿಡಿದು ಬೀದಿಗೆ ಎಳೆದೊಯ್ದು, ಎಲ್ಲರೆದುರೂ ಆ ಮಾತನ್ನು ಹೇಳಿಸಿಯೇ ಬಿಟ್ಟಳು.