ಲಾಳಿ ಖಾಲಿ ಬರುವುದಿಲ್ಲ

ನನಗೆ ಕಥೆ ಹೇಳಲು ಬರುವುದಿಲ್ಲ. ಈ ಮಾತನ್ನು ವಿನಯಕ್ಕಾಗಿ ಹೇಳುತ್ತಿಲ್ಲ, ಬೇಕಾದರೆ ನನ್ನ ಮಕ್ಕಳನ್ನು ಕೇಳಿ. 'ಒಂದೂರಲ್ಲಿ ಒಬ್ಬ ರಾಜ' ಎಂದು ಶುರು ಮಾಡಿದರೆ ಎರಡನೆಯ ವಾಕ್ಯಕ್ಕೆ ರಾಜ ಸತ್ತುಹೋಗುತ್ತಾನೆ, ಮೂರನೆಯದಕ್ಕೆ ನಾನು ಆಕಳಿಸುತ್ತೇನೆ. ನೇಯುವವನ ಕೈಗಿರುವ ತಾಳ್ಮೆ ಬಾಯಿಗೂ ಇರಬೇಕೆಂದೇನಿಲ್ಲವಲ್ಲ.

ಆ ಕೊರತೆಯನ್ನು ಮುಚ್ಚಿಕೊಳ್ಳಲು ಕಂಡುಕೊಂಡ ಉಪಾಯವೇ ಲಾಳಿ ಆಟ. ಅಮಾವಾಸ್ಯೆಯ ದಿನ ಸೇಲಂನ ನಮ್ಮ ಬೀದಿಯಲ್ಲಿ ಮಗ್ಗಗಳಿಗೆ ರಜೆ. ಮಧ್ಯಾಹ್ನ ಊಟವಾದ ಮೇಲೆ ಮನೆಯ ಮಕ್ಕಳನ್ನೂ ನೆರೆಮನೆಯ ಮಕ್ಕಳನ್ನೂ ಪಡಸಾಲೆಯಲ್ಲಿ ಎದುರುಬದುರು ಎರಡು ಸಾಲು ಕೂರಿಸಿ, ಮಗ್ಗದಲ್ಲಿ ನೂಲು ಹೊತ್ತು ಅತ್ತಿತ್ತ ಓಡುವ ಹಳೆಯ ಲಾಳಿಯೊಂದನ್ನು ಕೈಗೆ ಕೊಡುತ್ತಿದ್ದೆ. ಎಡಸಾಲಿನವರು ಕಥೆಯ ಒಂದು ಮಾತು ಹೇಳಿ ಲಾಳಿಯನ್ನು ನೆಲದ ಮೇಲೆ ಬಲಕ್ಕೆ ಜಾರಿಸಬೇಕು. ಅದನ್ನು ಹಿಡಿದವರು ಮುಂದಿನ ಮಾತು ಹೇಳಿ ವಾಪಸು ಜಾರಿಸಬೇಕು. ತಡವರಿಸಿದರೆ 'ನೂಲು ಕಡೀತು!' ಎಂದು ಎಲ್ಲರೂ ಕೂಗುವುದು. ಯಾರು ಗಂಟು ಹಾಕಬಲ್ಲರೋ ಅವರದು ಮುಂದಿನ ಸರದಿ. ಹೀಗೆ ಹೊಗೆನಕಲ್ಲಿನಿಂದ ಹರಿಗೋಲು ಹತ್ತಿ ಹೊರಟ ಮೊಸಳೆಯೊಂದು ಮೆಟ್ಟೂರಿಗೆ ಬಂದು ಹೆಣ್ಣು ಕೇಳಿ, ಕೊಡುವುದಿಲ್ಲವೆಂದಾಗ ಕಾಫಿ ಕುಡಿದು ಹೋಯಿತು. ನಾನು ಗೋಡೆಗೊರಗಿ ಕೇಳುತ್ತಿದ್ದೆ. ಕಥೆಗಾರನೆಂಬ ಹೆಸರು ಮಾತ್ರ ನನಗೇ ಬಂತು.

ಆಟಕ್ಕೊಂದು ಬಹುಮಾನವೂ ಇತ್ತು. ಎಲ್ಲರಿಗೂ ಹಿಡಿಸಿದ ಮಾತನ್ನು ನಾನು ಸೀಮೆಸುಣ್ಣದಿಂದ ನೆಲದ ಮೇಲೆ ಕನ್ನಡದಲ್ಲಿ ಬರೆಯುತ್ತಿದ್ದೆ. ಅದನ್ನು ಹೇಳಿದವರು ಬೆರಳಾಡಿಸಿ ಓದಬೇಕು. ನಮ್ಮ ಬೀದಿಯಲ್ಲಿ ಕನ್ನಡ ಬಾಯಲ್ಲುಂಟು, ಬಳಪದಲ್ಲಿಲ್ಲ. ನನಗೆ ಅಕ್ಷರ ಕಲಿಸಿದವನು ನನ್ನ ಅಪ್ಪ. ಗಂಡುಮಕ್ಕಳಿಗೆ ಶಾಲೆಯಲ್ಲಿ ತಮಿಳು, ಹೆಣ್ಣುಮಕ್ಕಳಿಗೆ ಶಾಲೆಯೇ ಇಲ್ಲ. ಒಂಬತ್ತು ವರ್ಷದ ನನ್ನ ಮಗಳು ನಂಜಿ ದಿನವಿಡೀ ರಾಟೆಯ ಮುಂದೆ ಕೂತು ಲಾಳಿಯ ಕಂಡಿಕೆಗೆ ನೂಲು ಸುತ್ತುವವಳು. ಆಟದಲ್ಲಿ ಅವಳ ನೂಲು ಕಡಿದದ್ದೇ ಇಲ್ಲ. ಒಂದೊಂದೇ ಮಾತು ಓದುತ್ತ ಓದುತ್ತ, ವರ್ಷ ತಿರುಗುವುದರೊಳಗೆ ಬರೆಯುವುದನ್ನೂ ಕಲಿತಳು.

ಇದಕ್ಕಾಗಿ ಕಾದಿದ್ದವಳು ನನ್ನ ಅವ್ವ. ಅವಳು ಹುಟ್ಟಿದ ಊರು ಮೆಟ್ಟೂರಿನ ಹೊಸ ಅಣೆಕಟ್ಟಿನ ನೀರಿನಡಿ ಸೇರಿತ್ತು. ಅಲ್ಲಿದ್ದ ಅವಳ ತಂಗಿ, ಎಂದರೆ ನನ್ನ ಚಿಕ್ಕಮ್ಮ, ಅಷ್ಟಿಷ್ಟು ಕನ್ನಡ ಓದಬಲ್ಲ ಮಗನೊಡನೆ ಅದಿಯಮಾನ್‌ಕೋಟೆಗೆ ಹೋಗಿ ಹೊಲ ಹಿಡಿದಿದ್ದಳು. ಆಮೇಲೆ ಅಕ್ಕತಂಗಿಯರು ಮುಖ ನೋಡಿರಲಿಲ್ಲ. ಇವಳಿಗೆ ಕಾಲು ಬಾರದು, ಅವಳಿಗೆ ಹೊಲದ ಕೆಲಸ ಮುಗಿಯದು. ತವರು ನೀರುಪಾಲಾದ ಮೇಲೆ ಅವ್ವನಿಗೆ ಉಳಿದ ತವರೆಂದರೆ ಆ ತಂಗಿಯೊಬ್ಬಳೇ.

ಅಂಚೆ ಕಚೇರಿಯ ಮುಂದೆ ಕಾಗದ ಬರೆದುಕೊಡುವವನು ತಮಿಳಿನಲ್ಲಿ 'ನಲಂ, ನಲಮರಿಯ ಆವಲ್' ಎಂದು, ಅಂದರೆ ನಾವು ಕ್ಷೇಮ, ನಿಮ್ಮ ಕ್ಷೇಮ ತಿಳಿಸಿ ಎಂದು, ಗೀಚಿ ಮುಗಿಸುತ್ತಿದ್ದ. ನಾನು ಕನ್ನಡದಲ್ಲಿ ಬರೆದರೂ ಅದೇ ಹಾಡು. ಅವ್ವ ಒಂದು ಗಳಿಗೆ ಆಡಿದ ಮಾತು ನನ್ನ ಕೈಯಲ್ಲಿ ಎರಡು ಸಾಲಾಗುತ್ತಿತ್ತು.

"ನೀ ಬರೆದ್ರೆ ಅದ್ರಾಗೆ ನನ್ ಮಾತು ಎಲ್ಲೈತೆ? ನಂಜಿ ಬರೀಲಿ. ಅವ್ಳು ನಾ ಏಳ್ದಂಗೇ ಬರೀತಾಳೆ," ಎಂದಳು ಅವ್ವ.

ನಂಜಿ ಬರೆದಳು. ನಾನು ಮಗ್ಗದ ಗುಂಡಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ. 'ಕಣ್ಣು ಮಂಜಾಗೈತೆ, ಕಾಲು ಎತ್ತಿಡಕ್ಕಾಗಲ್ಲ' ಎಂದು ಒಂದು ಸಾಲು. 'ಅಂಗಂತ ಗಾಬರಿ ಬೀಳಬ್ಯಾಡ, ಉಂಡ್ಕೊಂಡು ಗಟ್ಟಿಯಾಗೇ ಇವ್ನಿ' ಎಂದು ಇನ್ನೊಂದು. 'ನಿನ್ನ ನೋಡ್ದೆ ಜೀವ ಓಗ್ತದೇನೋ' ಎಂದು ಮೂರನೆಯದು. 'ಅವಸರ ಇಲ್ಲ, ಕೆಲಸ ಮುಗಿಸ್ಕೊಂಡು ಬಾ' ಎಂದು ನಾಲ್ಕನೆಯದು. ಅವ್ವನ ಮಾತೇ ಹಾಗೆ, ಒಂದು ಅಳು, ಒಂದು ಸಮಾಧಾನ. ನಾನು ವಿಳಾಸವನ್ನು ಮಾತ್ರ ಬರೆದು, ಒಳಗೆ ನೋಡದೆ ಅಂಚೆಗೆ ಹಾಕಿದೆ.

ವಾರ ಕಳೆಯುವುದರೊಳಗೆ ಚಿಕ್ಕಮ್ಮ ಬಸ್ಸಿಳಿದು, ಬೀದಿಯ ತಿರುವಿನಿಂದಲೇ ಅಳುತ್ತ ಬಂದಳು. ಅವ್ವ ಜಗಲಿಯ ಮೇಲೆ ಕೂತು ಎಲೆಯಡಿಕೆ ಮೆಲ್ಲುತ್ತಿದ್ದಳು.

"ಅಯ್ಯೋ, ಚೆಂದಾಗೇ ಇದೀಯಲ್ಲಕ್ಕಾ! ಜೀವ ಓಗ್ತೈತೆ ಅಂತ ಕಡುದಾಸಿ ಬರೆಸಿದ್ಯಲ್ಲ!"

"ಗಾಬರಿ ಬೀಳಬ್ಯಾಡ ಅಂತಾನೂ ಬರೆಸಿದ್ನಲ್ಲೇ!"

"ಅದೆಲ್ಲೈತೆ? ನನ್ ಮಗ ಒಂದು ಸಾಲು ಓದ್ತಾನೆ, ಇನ್ನೊಂದು ಪುರಿಯಲೆ, ತಿಳೀಲ್ಲ ಅಂತಾನೆ. ಓದಿದ್ ಸಾಲೆಲ್ಲ ಬರೀ ನೋವೇ!"

ಅವಳ ಸೆರಗಿನ ಗಂಟಿನಿಂದ ಕಾಗದ ತೆಗೆದು ನೋಡಿದೆ. ಮೊದಲ ಸಾಲು ಎಡದಿಂದ ಬಲಕ್ಕೆ ಸರಿಯಾಗಿ ಹೋಗಿತ್ತು. ಎರಡನೆಯದು ಬಲದ ಅಂಚಿನಿಂದ ಎಡಕ್ಕೆ ಬಂದಿತ್ತು. ಮೂರನೆಯದು ಮತ್ತೆ ಎಡದಿಂದ. ಅವ್ವನ ಅಳುವೆಲ್ಲ ಹೋಗುವ ಸಾಲಿನಲ್ಲಿ, ಸಮಾಧಾನವೆಲ್ಲ ಬರುವ ಸಾಲಿನಲ್ಲಿ. ನಂಜಿಯನ್ನು ಕರೆದು ಕೇಳಿದೆ.

"ಆ ಕಡೆ ಮುಟ್ಟಿದ್ ಮ್ಯಾಕೆ ಈ ಕಡೀಕೆ ಬರ್ಬೇಕಲ್ಲಪ್ಪಾ? ಲಾಳಿ ಸುಮ್ಮಾ ಖಾಲಿ ಬರ್ತೈತಾ?"

ತಪ್ಪು ನನ್ನದೇ. ನೆಲದ ಮೇಲೆ ನಾನು ಎಂದೂ ಒಂದು ಸಾಲಿಗಿಂತ ಹೆಚ್ಚು ಬರೆದವನಲ್ಲ. ಎರಡನೆಯ ಸಾಲು ಎಲ್ಲಿಂದ ಹೊರಡುತ್ತದೆಂದು ಮಗು ಯಾರನ್ನು ನೋಡಿ ಕಲಿಯಬೇಕು? ಯೋಚಿಸಿದರೆ, ಸಾಲಿನ ಕೊನೆ ಮುಟ್ಟಿದ ಕಣ್ಣು ಕೆಲಸವಿಲ್ಲದೆ ಮೊದಲಿಗೆ ಓಡಿಬರುವ ನಮ್ಮ ಪದ್ಧತಿಯೇ ದುಂದು. ನಮಗೆ ನೂಲು ತರುವ ಸಾಹೇಬರು ಉರ್ದುವನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ, ಅವರ ಕಾಗದಗಳೂ ಊರು ಸೇರುತ್ತವೆ. ನಾವು ಹೋಗುವ ದಾರಿ ಹಿಡಿದೆವು, ಅವರು ಬರುವ ದಾರಿ ಹಿಡಿದರು. ಎರಡನ್ನೂ ನೇಯ್ದವಳು ನಂಜಿ. ಮಗ್ಗದ ಮನೆಯ ಮಗುವಿಗಲ್ಲದೆ ಇನ್ನಾರಿಗೆ ಹೊಳೆದೀತು ಈ ತಪ್ಪು?

ಚಿಕ್ಕಮ್ಮ ಎಂಟು ದಿನ ಇದ್ದಳು. ನಂಜಿ ಲಾಳಿಯನ್ನು ತಂದು ಇಬ್ಬರು ಮುದುಕಿಯರ ನಡುವೆ ಇಟ್ಟಳು. ಅವರು ಅದನ್ನು ಜಾರಿಸುತ್ತ, ಒಬ್ಬಳದು ಒಂದು ಮನೆ, ಇನ್ನೊಬ್ಬಳದು ಅದರ ಪಕ್ಕದ ಬಾವಿ ಎಂದು, ಮುಳುಗಿದ ಊರನ್ನೇ ಪಡಸಾಲೆಯಲ್ಲಿ ಎತ್ತಿ ನಿಲ್ಲಿಸಿದರು. ನನ್ನ ಕಣ್ಣು ತುಂಬಿ ಬಂತು, ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ಅವಳು ಹೋದ ಮೇಲೆ ನಂಜಿಗೆ ಎಲ್ಲ ಸಾಲನ್ನೂ ಎಡದಿಂದಲೇ ಬರೆಯಲು ಕಲಿಸಿದೆ. ಆಮೇಲಿನ ಕಾಗದಗಳನ್ನು ಅದಿಯಮಾನ್‌ಕೋಟೆಯಲ್ಲಿ ಪೂರ್ತಿ ಓದಿದರು. ಅವ್ವ ಗಟ್ಟಿಯಾಗಿದ್ದಾಳೆಂದು ತಿಳಿದು ನೆಮ್ಮದಿಯಾದರು. ಚಿಕ್ಕಮ್ಮ ಬರಲಿಲ್ಲ. ಅವ್ವ ಜಗಲಿಯ ಮೇಲೆ ಕೂತು ಬೀದಿಯ ತಿರುವನ್ನೇ ನೋಡುತ್ತಿದ್ದಳು.

ಒಂದು ದಿನ ಅವ್ವ ನಂಜಿಯನ್ನು ಕೋಣೆಗೆ ಕರೆದು ಮೆಲ್ಲಗೆ ಕಾಗದ ಬರೆಸಿದಳು. ಈ ಸಲ ನಾನು ಜಾಗ್ರತೆಯಿಂದ ಬಿಡಿಸಿ ನೋಡಿದೆ. ಮೊದಲ ಸಾಲು ಎಡದಿಂದ, ಎರಡನೆಯದು ಬಲದಿಂದ.

"ಕಲಿಸಿದ್ದೆಲ್ಲ ಮರೆತೆಯೇನೇ?" ಎಂದೆ.

"ಮರ್ತಿಲ್ಲಪ್ಪಾ. ಅಜ್ಜಿ ಏಳ್ದಂಗೇ ಬರ್ದೆ."

ನಾನು ತೆಪ್ಪಗೆ ವಿಳಾಸ ಬರೆದು ಅಂಚೆಗೆ ಹಾಕಿದೆ. ಹಿಂದುಮುಂದಾದ ಸಾಲಿನ ಗುಟ್ಟು ಈಗ ಚಿಕ್ಕಮ್ಮನಿಗೂ ಗೊತ್ತಿತ್ತು. ವಾರದೊಳಗೆ ಅವಳು ಬಸ್ಸಿಳಿದು, ಬೀದಿಯ ತಿರುವಿನಿಂದಲೇ ನಗುತ್ತ ಬಂದಳು.